ವಿಕ್ ಶಬ್ದದ ವಾರಸುದಾರರು

ಜಿನ್ನಪ್ಪ ಮಾಸ್ತರರಿಗೆ ಅವತ್ತೇ ನಾರ್ವೆಯಿಂದ ಕಾಗದ ಬರಬಾರದಿತ್ತು. ಬಂದರೂ ಅದನ್ನು ಶಿರಗುಪ್ಪಿಯ ಚಹಾದಂಗಡಿಯಲ್ಲಿ ಒಡೆದು ಓದಬಾರದಿತ್ತು. ಎಂಬತ್ತೇಳನೆಯ ಇಸವಿಯ ಮಾತು. ಆರು ವರ್ಷದಿಂದ ಹೈಸ್ಕೂಲಿನಲ್ಲಿ ಟೆಂಪರರಿಯಾಗಿದ್ದ ಅವರನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಆ ಸಂಜೆ ಐದಕ್ಕೆ ಕಮಿಟಿ ಕೂಡುವುದಿತ್ತು. ಕಾಯಂ ಆಗದೆ ಮಗಳನ್ನು ಕಳಿಸುವುದಿಲ್ಲವೆಂದು ಅಥಣಿಯ ಮಾವ ಹಟ ಹಿಡಿದು, ಹೆಂಡತಿ ಚಂದ್ರಮತಿ ತವರಿನಲ್ಲಿ ಕೂತು ಎರಡು ವರ್ಷವಾಗಿತ್ತು. ಮನುಷ್ಯ ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ. ನಾಲ್ಕನೆಯ ಚಹಾ ನಡೆದಿತ್ತು.

ಕಾಗದ ಬರೆದವನು ಮಾಸ್ತರರ ಹಾಗೆಯೇ ಅಂಚೆಚೀಟಿ ಕೂಡಿಸುವ ಒಬ್ಬ ಪತ್ರಮಿತ್ರ. ತನ್ನೂರಿನ ಹೆಸರಿನ ಕೊನೆಯಲ್ಲಿರುವ ‘ವಿಕ್’ ಎಂಬ ಶಬ್ದದ ಬಗ್ಗೆಯೇ ಎರಡು ಪುಟ ಬರೆದಿದ್ದ. ಸಮುದ್ರ ನೆಲದೊಳಕ್ಕೆ ಬಾಗಿ ಬರುವ ಜಾಗಕ್ಕೆ ವಿಕ್ ಅನ್ನುತ್ತಾರಂತೆ. ತಿರುಗು, ಪಕ್ಕಕ್ಕೆ ಸರಿ ಎನ್ನುವ ಹಳೆಯ ಕ್ರಿಯಾಪದದ ನಂಟಂತೆ. ಶಬ್ದ ಸ್ತ್ರೀಲಿಂಗವಂತೆ. ತಳಮಳ ಮರೆಯಲೆಂದು ಮಾಸ್ತರರು ಅದನ್ನು ಗಟ್ಟಿಯಾಗಿ ಓದಿಬಿಟ್ಟರು.

ಕನ್ನಡ-ಮರಾಠಿಯ ಈ ಗಡಿಯೂರಿನಲ್ಲಿ ಯಾವ ಶಬ್ದ ಕಿವಿಗೆ ಬಿದ್ದರೂ ಮೊದಲು ಕೇಳುವುದು, ಅದು ನಮ್ಮದೋ ಅವರದೋ ಎಂದು. ಮಧ್ಯಾಹ್ನದೊಳಗೆ ಕಮಿಟಿಯ ಅಧ್ಯಕ್ಷ ನೇಮಿನಾಥರಿಗೆ ವಿಕ್ ಹುಟ್ಟಿದ್ದು ಕನ್ನಡದ ‘ಬಾಗು’ವಿನಿಂದ ಎಂದು ಖಾತ್ರಿಯಾಗಿತ್ತು. ಉಪಾಧ್ಯಕ್ಷ ರಾವಸಾಹೇಬರು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅದು ಸೊಟ್ಟ ಎನ್ನುವ ಮರಾಠಿಯ ‘ವಾಕಡಾ’ದ ಮರಿ ಎಂದು ಸಾರಿದರು. ಹತ್ತು ವರ್ಷದಿಂದ ಈ ಇಬ್ಬರೂ ಒಂದು ಮಾತಿಗೆ ಕೂಡಿದವರಲ್ಲ. ಶಾಲೆಯ ಗೋಡೆ ಸುಣ್ಣ ಕಂಡಿರದಿದ್ದುದೂ ಅದಕ್ಕೇ.

ಸಂಜೆ ಸರಿಯಾದ ಉತ್ತರ ತರಬೇಕೆಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿ ಕಳಿಸಿದರು. ಮಾಸ್ತರರು ಶಾಲೆಯ ಅಂಗಳದಲ್ಲಿ ಹೋಗಿ ಬಂದು, ಹೋಗಿ ಬಂದು, ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡರು. ನಿಜ ಹೇಳಿದರೆ ಇಬ್ಬರಿಗೂ ಸಿಟ್ಟು. ಒಬ್ಬರ ಕಡೆ ಹೇಳಿದರೆ ಇನ್ನೊಬ್ಬರು ಸಹಿ ಹಾಕುವುದಿಲ್ಲ.

ಐದಕ್ಕೆ ಒಳಗೆ ಕರೆದರು. ಪಾಠದ ಬಗ್ಗೆ ಯಾರೂ ಕೇಳಲಿಲ್ಲ.

“ಮಾಸ್ತರ, ವಿಕ್ ಯಾರದು? ಒಂದ ಮಾತಿನ್ಯಾಗ ಹೇಳ್ರಿ,” ಎಂದರು ನೇಮಿನಾಥರು.

ಜಿನ್ನಪ್ಪನವರು ಕಾಗದವನ್ನು ಮಡಚಿ ಜೇಬಿಗೆ ಸೇರಿಸಿದರು. “ಮೂಲ ಕನ್ನಡದ್ದರಿ, ವ್ಯಾಕರಣ ಮರಾಠಿದು. ನಮ್ಮ ಕನ್ನಡದಾಗ ಸಾಮಾನಿಗೆ ಗಂಡು ಹೆಣ್ಣು ಅನ್ನೂದಿಲ್ಲ. ಮರಾಠಿಯೊಳಗ ಖುರ್ಚಿ ಸೈತ ಹೆಣ್ಣು. ವಿಕ್ ಸೈತ ಹೆಣ್ಣರಿ.”

ಸುಳ್ಳಿನ ನಾಚಿಕೆಗೆ ಅವರ ಕಿವಿ ಬಿಸಿಯಾದವು. ಆದರೆ ನೇಮಿನಾಥರು ತಲೆದೂಗಿದರು. ರಾವಸಾಹೇಬರು ತಾವು ಕೂತ ಖುರ್ಚಿಯಲ್ಲಿ ತುಸು ಮರ್ಯಾದೆಯಿಂದ ಸರಿದು ಕೂತರು. ಮಾಸ್ತರರನ್ನು ಹೊರಗೆ ನಿಲ್ಲಿಸಿ ಹತ್ತು ನಿಮಿಷ ಗುಸುಗುಸು ನಡೆಯಿತು. ಮತ್ತೆ ಕರೆದಾಗ ಮೇಜಿನ ಮೇಲೆ ಶಾಲು, ತೆಂಗಿನಕಾಯಿ ಇದ್ದವು. ಠರಾವು ಒಮ್ಮತದಿಂದ ಪಾಸಾಗಿದೆ ಎಂದರು ಅಧ್ಯಕ್ಷರು. ಮಾಸ್ತರರ ಕಣ್ಣು ತುಂಬಿ ಬಂತು. ಅಥಣಿಗೆ ಆರೂವರೆಯ ಬಸ್ಸು ಸಿಗುತ್ತದೆ ಎಂದುಕೊಂಡರು.

ರಾವಸಾಹೇಬರೇ ಎದ್ದು ಶಾಲು ಹೊದಿಸಿದರು. “ನಾರ್ವೆತನಕ ತಿಳಕೊಂಡ ಪಂಡಿತರನ್ನ ಎಂಟನೇ ಕ್ಲಾಸಿನ ಹುಡುಗರ ಮುಂದ ನಿಂದ್ರಸೂದು ಪಾಪ ಐತ್ರಿ. ನಾಳಿಂದ ನೀವು ಮೋಕಳಾ, ಶಾಳಿಗೆ ಬರೂದು ಬ್ಯಾಡ. ಧಾರವಾಡಕ್ಕ ಹೋಗಿ ದೊಡ್ಡವರಾಗ್ರಿ. ನಿಮ್ಮ ಜಾಗಾಕ್ಕ ನೇಮಿನಾಥಣ್ಣಾರ ಅಳಿಯಾನ್ನ ಕಾಯಂ ಮಾಡೇವಿ. ಅಂವಗ ಯಾವ ಶಬ್ದದ ಮೂಲನೂ ಗೊತ್ತಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾಯಿತೆಂದು ತಿಳಿಯುವ ಮೊದಲೇ ಮಾಸ್ತರರೂ ತಟ್ಟಿದರು.