ಹೆಂಡತಿಯನ್ನು ಚಂದ್ರನ ಮೇಲೆ ಬಿಟ್ಟುಹೋದವನು

ಅಮೃತಾ: ಬಿಟ್ಟು ಹೋಗ್ಯಾನ ಅಂದ್ರ ಬಿಟ್ಟು ಹೋಗ್ಯಾನ! ಅದಕ್ಕ ಬ್ಯಾರೆ ಹೆಸರು ಏನೈತ್ರಿ?

ಕಲ್ಲೇಶ: ಬಿಟ್ಟು ಹೋಗಿಲ್ಲ. ಸುರಕ್ಷಿತ ಜಾಗಾದಾಗ ಇಟ್ಟು ಹೋಗ್ಯಾನ.

ಅಮೃತಾ: ಇಟ್ಟು ಹೋಗಾಕ ಅಕಿ ಏನು ಕೊಡಪಾನೇನು?

ಗಂಗಾವತಿಯ ಆ ಮನೆಯಲ್ಲಿ ಭಾನುವಾರದ ಚಹಾ ಆರಿ ತಣ್ಣಗಾಗಿತ್ತು. ಅಮೃತಾ ಹತ್ತಿರದ ಸಿದ್ದಾಪುರದ ಸಾಲೆಯಲ್ಲಿ ಟೀಚರ್. ಗಂಡ ಕಲ್ಲೇಶ ಕರೆಂಟಿನ ಆಫೀಸಿನಲ್ಲಿ ಗುಮಾಸ್ತ. ಇಬ್ಬರಿಗೂ ‘ಗರುಡನೌಕೆ’ ಕಾದಂಬರಿಮಾಲೆಯ ಹುಚ್ಚು. ಆಕಾಶದಲ್ಲಿ ಹಡಗು ಓಡಿಸುವ ಕ್ಯಾಪ್ಟನ್ ಸಾಮಂತ, ಆ ಹಡಗಿಗೆ ದಾರಿ ತೋರಿಸುವ ಅವನ ಹೆಂಡತಿ ತಾರಿಣಿ. ನಾಲ್ಕು ಭಾಗಗಳವರೆಗೆ ಎಲ್ಲವೂ ಸುಖವಾಗಿತ್ತು. ಈಗ ಬಂದಿರುವ ಐದನೇ ಭಾಗದಲ್ಲಿ ಸಾಮಂತ, ತಾರಿಣಿ ಮಲಗಿದ್ದಾಗ ಅವಳನ್ನು ಕೆಂಪು ಚಂದ್ರನೊಂದರ ಮೇಲೆ ಇಳಿಸಿ, ತಾನೊಬ್ಬನೇ ಯುದ್ಧಕ್ಕೆ ಹೋಗಿಬಿಟ್ಟಿದ್ದ. ಜಿಲ್ಲೆಯ ಓದುಗರೆಲ್ಲ ಸೇರಿ ಮಾಡಿಕೊಂಡಿದ್ದ ವಾಟ್ಸಾಪ್ ಬಳಗದಲ್ಲಿ ಅಂದಿನಿಂದ ಅದೇ ರಗಳೆ. ಸಂಜೆಯೊಳಗೆ ಎಲ್ಲರೂ ತಮ್ಮ ಅಭಿಪ್ರಾಯವನ್ನು ಧ್ವನಿಯಲ್ಲಿ ಕಳಿಸಬೇಕೆಂದು ಫರ್ಮಾನು ಬಂದಿತ್ತು.

ಅಮೃತಾ: (ಫೋನಿಗೆ) ಎಲ್ಲರಿಗೂ ನಮಸ್ಕಾರ. ಐದನೇ ಭಾಗ ಓದಿದ ಮ್ಯಾಲೆ ನನಗ ಕ್ಯಾಪ್ಟನ್ ಸಾಮಂತನ ಮ್ಯಾಲಿನ ಗೌರವ ಪೂರಾ ಹೋಗೇತಿ...

ಕಲ್ಲೇಶ: ತಪ್ಪು! ಶುದ್ಧ ತಪ್ಪು!

ಅಮೃತಾ: ನೋಡ್ರಿ, ನಿಮ್ಮ ದನಿ ಸೇರಿಬಿಡ್ತು. ಮತ್ತ ಮೊದಲಿಂದ ಹೇಳಬೇಕು. ನಿಮಗ್ಯಾಕ ಇಷ್ಟು ಸಿಟ್ಟು?

ಕಲ್ಲೇಶ: ಒಬ್ಬ ಮನಷ್ಯಾನ ಮರ್ಯಾದಿ ತಗೀಬೇಕಾದ್ರ ಅವನ ಕಡಿ ಮಾತೂ ಕೇಳಬೇಕು. ಬಳಗದಾಗ ಯಲಬುರ್ಗಾದ ವಿರುಪಾಕ್ಷಿ ಏನಂದಾನ, ಕೇಳಿದ್ಯಾ?

ಅಮೃತಾ: ಕೇಳೀನಿ. ‘ಕ್ಯಾಪ್ಟನ್ ಯುದ್ಧಕ್ಕ ಹೋದದ್ದು ಬರೋಬ್ಬರಿ, ಅದನ್ನ ಬಿಟ್ಟು ಬರೇ ಗಂಡ ಹೆಂಡತಿ ಗೋಳು ಬರದಾರ’ ಅಂದಾರ. ಅವರಿಗೆ ಯಾರಾದ್ರೂ ಬಡದಾಡಿದ್ರನ ಉಂಡ ಅನ್ನ ಕರಗತೈತಿ. ಮಾಶಾಬಿ ಟೀಚರ್ ಅಂದದ್ದು ಕೇಳ್ರಿ: ‘ತಾರಿಣಿ ಎದ್ದು ನೋಡಿದಾಗ ಬಾಜೂಕ ಯಾರೂ ಇರಲಿಲ್ಲ ಅನ್ನೂ ಸಾಲು ಓದಿ ನನಗ ಆವತ್ತು ಊಟ ಸೇರಲಿಲ್ಲ.’

ಕಲ್ಲೇಶ: ಸೇರಲಿಲ್ಲ ಅಂದ್ರ ಚುರುಮುರಿ ತಿಂದಿರ್ತಾರ. ಅಲ್ಲ, ಅಂವಾ ಮಾಡಿದ್ದು ಅಕಿ ಛಲೋಗೋಸ್ಕರನ. ಅಕಿನೂ ಜೊತಿಗೆ ಹೋಗಿದ್ರ ಅಕಿ ಗತಿ?

ಅಮೃತಾ: ಅದನ್ನ ಅಕಿಗೆ ಕೇಳಬೇಕಿತ್ತು.

ಕಲ್ಲೇಶ: ಕೇಳಿದ್ರ ಒಲ್ಲೆ ಅಂತಿದ್ಲು. ಅದಕ್ಕ ಕೇಳಲಿಲ್ಲ.

ಅಮೃತಾ: ಎಂಥಾ ಶಾಣ್ಯಾ! ಉತ್ತರ ಗೊತ್ತಿದ್ರ ಪ್ರಶ್ನಿ ಬ್ಯಾಡ ಅಂತ ನಮ್ಮ ಸಾಲಿ ಹುಡುಗರಿಗೂ ಹೇಳಿಬಿಡ್ತೀನಿ.

ಒಳಗೆ ಅಡುಗೆಮನೆಯಲ್ಲಿ ಕಲ್ಲೇಶನ ತಾಯಿ ಕಳಕಮ್ಮ ಶೇಂಗಾ ಹುರಿಯುತ್ತಿದ್ದಳು. ಅವಳ ಕಿವಿ ಸ್ವಲ್ಪ ಮಂದ. ಬಾಣಲೆಯ ಚಟಪಟದ ನಡುವೆ ಅರ್ಧ ಮಾತು ಒಲೆಗೆ ಬೀಳುತ್ತಿತ್ತು, ಉಳಿದರ್ಧ ಅವಳಿಗೆ.

ಕಳಕಮ್ಮ: ಏ ಕಲ್ಲೇಶ, ಯಾರು ಯಾರನ್ನ ಬಿಟ್ಟಾರೋ?

ಕಲ್ಲೇಶ: ಏನಿಲ್ಲವ್ವ, ನಮ್ಮ ನಮ್ಮದು ನಡದೈತಿ. (ಅಮೃತಾಗೆ) ಅಲ್ಲಿ ಚಂದ್ರನ ಮ್ಯಾಲೆ ಅಕಿಗೆ ಏನು ಕಮ್ಮಿ ಐತಿ ಹೇಳು.

ಕಳಕಮ್ಮ: (ಸೌಟು ಹಿಡಿದು ಬಾಗಿಲಿಗೆ ಬಂದು) ಯಾರು, ಚಂದ್ರಪ್ಪನ ಮನ್ಯಾಗ? ಗಿರಣಿ ಚಂದ್ರಪ್ಪನ ಆ ಖಾಲಿ ಮನ್ಯಾಗ?

ಅಮೃತಾ: (ಅತ್ತೆಯ ಮಾತು ಕೇಳಿಸದೆ, ಗಂಡನಿಗೆ) ಏನು ಕಮ್ಮಿ ಐತಿ ಅಂತೀರಲ್ಲ! ಅಲ್ಲಿ ಹವಾನ ಇಲ್ಲರಿ!

ಕಳಕಮ್ಮ: ಅದು ಖರೆ. ಚಂದ್ರಪ್ಪನ ಮನಿಗೆ ಒಂದ ಒಂದು ಖಿಡಕಿನೂ ಇಲ್ಲ.

ಕಲ್ಲೇಶ: ಹವಾದ ಯವಸ್ಥಾ ಮಾಡಿಟ್ಟ ಹೋಗ್ಯಾನ. ಊಟದ್ದೂ ಮಾಡ್ಯಾನ. ಚೀಟಿನೂ ಬರದಿಟ್ಟಾನ: ‘ನೀ ಇಲ್ಲೇ ಆರಾಮ ಇರು, ನಾ ಹೊಂಟೆ.’ ಮುಗೀತು.

ಅಮೃತಾ: ಮುಗೀತೇನು? ಕಟಗೊಂಡ ಹೆಂಡತಿಗೆ ಅಷ್ಟ ಹೇಳಿದ್ರ ಮುಗೀತೇನು?

ತಾರಿಣಿಯನ್ನು ನೆನೆದು ಅಮೃತಾ ಕಣ್ಣೊರೆಸಿಕೊಂಡಳು. ಕಳಕಮ್ಮ ಸೊಸೆಯ ಕಣ್ಣು ನೋಡಿದಳು, ಮಗನ ಬಿಗಿದ ಮುಖ ನೋಡಿದಳು. ಬಾಣಲೆ ಇಳಿಸಿ, ಫೋನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಕನಕಗಿರಿಯಲ್ಲಿದ್ದ ಬೀಗರಿಗೆ, ಅಂದರೆ ಅಮೃತಾಳ ತಂದೆ ದೇವೇಂದ್ರಪ್ಪನಿಗೆ, ಕರೆ ಹೋಯಿತು.

ಕಳಕಮ್ಮ: ಬೀಗ್ರ, ಲಗೂನ ಬರ್ರಿ. ನನ್ನ ಮಗನ ಬುದ್ಧಿ ಕೆಟ್ಟೈತಿ. ನಿಮ್ಮ ಮಗಳನ್ನ ಬಿಟ್ಟು ಹೊಂಟಾನ! ಹೋಗೂದು ಹೋಗಿ, ಅಕಿನ್ನ ಚಂದ್ರಪ್ಪನ ಮನ್ಯಾಗ ಇಡತಾನಂತ!

ದೇವೇಂದ್ರಪ್ಪ: ಎಲ್ಲಿಗೆ ಹೊಂಟಾರ ಅಳಿಯಂದ್ರು?

ಕಳಕಮ್ಮ: ಅದನ್ನ ಹೇಳವಲ್ಲ. ‘ನಾ ಹೊಂಟೆ’ ಅಂತಾನ ಅಷ್ಟ.

ಬಿಸಿಲೇರುವ ಹೊತ್ತಿಗೆ ದೇವೇಂದ್ರಪ್ಪ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಷ್ಟು ದೂರದಿಂದ ಓಡಿ ಬಂದವನ ಮುಖದಲ್ಲಿ ಗಾಬರಿ ಇರಲಿಲ್ಲ. ಅಮೃತಾ ಮತ್ತು ಕಲ್ಲೇಶ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಮೃತಾ: ಅಪ್ಪಾ! ಹೇಳದ ಕೇಳದ ಬಂದ್ರಲ್ಲ? ಅವ್ವ ಆರಾಮ ಅದಾಳಿಲ್ಲೋ?

ಕಳಕಮ್ಮ: ನಾನ ಕರಿಸೀನಿ. ಬೀಗ್ರ, ನನ್ನ ಮಗ ಅಂತ ನೋಡಬ್ಯಾಡ್ರಿ. ಕಿವಿ ಹಿಂಡ್ರಿ. ಇಂಥಾ ಸೊಸಿನ್ನ ಬಿಡ್ತೀನಿ ಅಂತಾನಲ್ಲ, ಅವನ ಬಾಯಾಗ ಮಣ್ಣ ಹಾಕ!

ಕಲ್ಲೇಶ: ಯವ್ವಾ, ನಾ ಯಾರನ್ನ ಬಿಟ್ಟೆ?

ಕಳಕಮ್ಮ: ಮುಂಜಾನಿಂದ ಕೇಳಾಕತ್ತೀನಿ. ಚಂದ್ರಪ್ಪನ ಮನ್ಯಾಗ ಹವಾ ಇಲ್ಲ ಅಂತ ಅಕಿ ಅಳಾಕತ್ತಾಳ, ಹವಾದ ಯವಸ್ಥಾ ಮಾಡೀನಿ ಅಂತ ನೀ ಅಂತಿ!

ಅಮೃತಾ ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕೂತುಬಿಟ್ಟಳು. ನಗು ತಡೆಯಲಾಗದೆ ಅವಳ ಭುಜ ಕುಣಿಯುತ್ತಿತ್ತು.

ಅಮೃತಾ: ಅತ್ಯಾರ, ಅದು ಪುಸ್ತಕದ್ದರೀ! ಚಂದ್ರಪ್ಪ ಅಲ್ಲ, ಚಂದ್ರ. ಮ್ಯಾಲೆ ಮುಗಿಲಾಗ ಇರ್ತಾನಲ್ಲ, ಅಂಥಾಂವ!

ಕಳಕಮ್ಮ: ಪುಸ್ತಕದ್ದ? ಅಯ್ಯ ಶಿವನ! ಮತ್ತ ನೀ ಅತ್ತದ್ದು?

ಅಮೃತಾ: ಅದೂ ಪುಸ್ತಕಕ್ಕನ.

ಕಳಕಮ್ಮ: ಇಲ್ಲದ ಹೆಣಮಗಳಿಗೆ ಇಷ್ಟು ಅಳಾಕ ನಿನಗ ಪುರಸತ್ತರ ಹೆಂಗ ಸಿಗತೈತವಾ? ಬೀಗ್ರ, ಕೈ ಮುಗೀತೀನಿ. ಸುಮ್ಮಸುಮ್ಮನ ನಿಮ್ಮನ್ನ ಬಿಸಲಾಗ ಓಡಿಸಿದೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ಕಲ್ಲೇಶ. ನಗದೆ ನಿಂತವನು ದೇವೇಂದ್ರಪ್ಪನೊಬ್ಬ.

ದೇವೇಂದ್ರಪ್ಪ: ಪುಸ್ತಕದ್ದು ಇರಲಿ. ಮತ್ತ ಕುಷ್ಟಗಿದು?

ಅಮೃತಾ: ಯಾವ ಕುಷ್ಟಗಿದಪ್ಪಾ?

ದೇವೇಂದ್ರಪ್ಪ: ಬಸ್ ಸ್ಟ್ಯಾಂಡಿನ್ಯಾಗ ಅಳಿಯಂದ್ರ ಆಫೀಸಿನ ಹುಸೇನಬಾಷಾ ಸಿಕ್ಕಿದ್ದ. ‘ಕಾಕಾ, ಸಾಹೇಬ್ರಿಗೆ ಪ್ರಮೋಷನ್ ಆಗೇತಿ, ಪೇಢೆ ತಿನ್ನಾಕ ಬಂದ್ರೇನು’ ಅಂದ. ಕುಷ್ಟಗಿಗೆ ಹಾಕ್ಯಾರಂತ. ರೂಮೂ ನೋಡಿ ಬಂದಾರಂತ. ಅದಕ್ಕ ನಾ, ಬೀಗ್ರು ಫೋನಿನ್ಯಾಗ ಹೇಳಿದ್ದು ಇದ ಇರಬೇಕು, ಇದರಾಗ ಗಾಬರಿ ಆಗೂದೇನೈತಿ ಅನಕೊಂಡು ಆರಾಮಾಗಿ ಬಂದೆ.

ಕಲ್ಲೇಶನ ನಗು ಅರ್ಧಕ್ಕೆ ನಿಂತಿತು. ಅವನು ಫ್ಯಾನಿನ ಕಡೆ ನೋಡಿದ. ಫ್ಯಾನು ಅವನ ಸಹಾಯಕ್ಕೆ ಬರಲಿಲ್ಲ.

ಕಳಕಮ್ಮ: ನೋಡಿದ್ರಾ? ನನ್ನ ಕಿವಿ ಮಂದ ಇರಬೌದು, ನನ್ನ ಸುದ್ದಿ ಮಂದ ಅಲ್ಲ!

ಅಮೃತಾ: ರೂಮೂ ನೋಡೀರಿ?

ಕಲ್ಲೇಶ: ಸುಮ್ಮ ಹಂಗ... ಹಾದಿಯಾಗ ಇತ್ತು, ನೋಡಿದೆ.

ಅಮೃತಾ: ಹವಾ ಐತೇನು?

ಕಲ್ಲೇಶ: ಅಮೃತಾ, ಚಾಷ್ಟಿ ಮಾಡಬ್ಯಾಡ.

ಅಮೃತಾ: ಅದಕ್ಕನ ಮುಂಜಾನಿಂದ ಆ ಕ್ಯಾಪ್ಟನ್‌ನ ವಕೀಲಕಿ ಮಾಡಾಕತ್ತಿದ್ರಿ! ನಿಮ್ಮ ಅಭಿಪ್ರಾಯ ನಾ ಇನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ನೀವು ಓದುಗರಲ್ಲ, ಆರೋಪಿ.

ದೇವೇಂದ್ರಪ್ಪ ಬೀಗಿತಿಯ ಕಡೆ ನೋಡಿ, ಒಂದು ಗ್ಲಾಸು ನೀರು ಬೇಕೆಂದು ಸನ್ನೆ ಮಾಡಿ ಒಳಗೆ ನಡೆದ. ಕಳಕಮ್ಮನೂ ಹಿಂದೆ ಹೋದಳು. ಬಾಗಿಲ ಹತ್ತಿರವೇ ನಿಂತಳು. ಕಲ್ಲೇಶ ಹೆಂಡತಿಯ ಎದುರು ನೆಲದ ಮೇಲೆ ಬಂದು ಕೂತ.

ಕಲ್ಲೇಶ: ಸಿದ್ದಾಪುರದ ಸಾಲಿ ಸಿಗಾಕ ನೀ ಎಷ್ಟು ತ್ರಾಸ ತಗೊಂಡಿ, ನನಗ ಗೊತ್ತಿಲ್ಲೇನು? ನಾ ಕುಷ್ಟಗಿ ಅಂದ ಕೂಡ್ಲೆ ನೀ ಅದನ್ನ ಬಿಟ್ಟು ನನ್ನ ಹಿಂದ ಬರ್ತೀನಿ ಅಂತಿದ್ದಿ. ನನ್ನ ಸಂಬಂಧ ನೀ ಸಾಲಿ ಬಿಡೂದು ನನಗ ಬ್ಯಾಡಾಗಿತ್ತು. ನೀ ಅಳೂದ ನೋಡಾಕ ನನಗ ಧೈರ್ಯನೂ ಇರಲಿಲ್ಲ.

ಅಮೃತಾ: ನಾ ಏನಂತಿದ್ದೆ ಅನ್ನೂದು ನಿಮಗೆಲ್ಲಾ ಗೊತ್ತು!

ಕಲ್ಲೇಶ: ತಪ್ಪಾತು. ಈಗ ಕೇಳ್ತೀನಿ. ಏನ್ ಮಾಡೂನು? ನೀ ಬ್ಯಾಡ ಅಂದ್ರ ಪ್ರಮೋಷನ್ ಒಲ್ಲೆ ಅಂತ ಬರದು ಕೊಡ್ತೀನಿ.

ಅಮೃತಾ: ಹೋಗ್ರಿ.

ಕಲ್ಲೇಶ: ಆಂ?

ಅಮೃತಾ: ಹೋಗ್ರಿ ಅಂದೆ. ಕುಷ್ಟಗಿ ಏನು ಪರದೇಶೇನು? ಬಸ್ ಹತ್ತಿದ್ರ ಎರಡು ತಾಸು. ಶನಿವಾರ ಸಂಜಿಕ ಬರ್ರಿ, ಸೋಮವಾರ ನಸಿಕಿನ್ಯಾಗ ಹೋಗ್ರಿ. ನಾ ಸಾಲಿ ಬಿಡೂದಿಲ್ಲ. ಬಿಡ್ತೀನಿ ಅಂತ ನಿಮಗ್ಯಾರು ಹೇಳಿದ್ರು?

ಕಲ್ಲೇಶನ ಮುಖ ಸಪ್ಪಗಾಯಿತು. ಇಷ್ಟು ದಿನ ಅವಳ ಅಳುವಿಗೆ ಅವನು ಸಮಾಧಾನದ ಮಾತು ಹೊಂದಿಸಿ ಇಟ್ಟುಕೊಂಡಿದ್ದ. ಅವೆಲ್ಲ ಈಗ ದಂಡವಾದವು.

ಕಲ್ಲೇಶ: ಅಲ್ಲ, ಬಾಯಿಮಾತಿಗಾದ್ರೂ ಒಮ್ಮೆ ಬ್ಯಾಡ ಅನಬೌದಿತ್ತು.

ಕಳಕಮ್ಮ: (ಬಾಗಿಲ ಮರೆಯಿಂದ) ನಾ ಅಂತೀನಿ ತಗೋ. ಬ್ಯಾಡ. ಆತಿಲ್ಲೋ? ಈಗ ಹೋಗು. ನಾ ಮಾತ್ರ ನನ್ನ ಸೊಸಿ ಕೂಡ ಇರಾಕಿ.

ಅಮೃತಾ: ಕೇಳಿದ್ರಿಲ್ಲೋ? ಹೋಗೂದಿದ್ರ ಹೋಗ್ರಿ, ಆದ್ರ ಆ ಕ್ಯಾಪ್ಟನ್ ಕಡೀ ಅಧ್ಯಾಯದಾಗ ಮಾಡಿದಂಗ ಮಾಡಬ್ಯಾಡ್ರಿ.

ಕಲ್ಲೇಶ: ಕಡೀ ಅಧ್ಯಾಯದಾಗ... ಏನ್ ಮಾಡಿದ?

ಅಮೃತಾ: ನೀವು ಓದಿಲ್ಲೇನು?!

ಕಲ್ಲೇಶ ಕಾಲಬೆರಳಿನಿಂದ ಚಾಪೆಯ ಅಂಚು ಕೆದರಿದ.

ಕಲ್ಲೇಶ: ಅಂವಾ ಅಕಿನ್ನ ಇಳಿಸಿ ಹೊಂಟನಲ್ಲ, ಅಲ್ಲೀತನಕ ಓದಿದೆ. ಕುಷ್ಟಗಿ ಆರ್ಡರ್ ಬಂದದ್ದೂ ಅವತ್ತ. ಮುಂದ ಹಾಳಿ ತಿರುವಾಕ ಮನಸಾಗಲಿಲ್ಲ.

ಅಮೃತಾ ಅವನ ತೋಳ ಮೇಲೆ ಕೈಯಿಟ್ಟಳು; ಬೈಯಲೆಂದಿದ್ದ ದನಿ ಮೆತ್ತಗಾಗಿತ್ತು.

ಅಮೃತಾ: ಅರ್ಧ ಪುಸ್ತಕ ಓದಿ ಇಷ್ಟು ವಾದ ಮಾಡಿದ್ರಿ. ಪೂರಾ ಓದಿದ್ರ ನಿಮ್ಮ ಗದ್ದಲಕ್ಕ ಓಣಿ ಮಂದಿನ ಮನಿ ಬಿಟ್ಟು ಓಡ್ತಿದ್ರೇನೋ!

ಕಲ್ಲೇಶ: ಹೇಳು ಮತ್ತ. ತಿರುಗಿ ಬಂದನೇನು ಅಂವಾ?

ಅಮೃತಾ: ಬಂದ. ಯುದ್ಧ ಗೆದ್ದು, ದೊಡ್ಡ ಹುರುಪಿನ್ಯಾಗ ಬಂದ. ಆದ್ರ ತಾರಿಣಿ ಬಾಗಲಾ ತಗೀಲಿಲ್ಲ. ಅಂವಾ ಹೊರಗ ನಿಂತಾಗ ಪುಸ್ತಕ ಮುಗೀತು.

ಕಲ್ಲೇಶ: ಅಯ್ಯ! ಮತ್ತ ಆರನೇ ಭಾಗದಾಗ ತಗೀತಾಳೇನು?

ಅಮೃತಾ: ಅದು ಬರದವರಿಗೆ ಗೊತ್ತು.

ಕಲ್ಲೇಶ: ಅದು ಹೋಗ್ಲಿ. ಶನಿವಾರ ನಾ ಬಂದ್ರ?

ಅಮೃತಾ: ಯಾವ ಬಸ್ಸಿಗೆ ಬರ್ಲಿ ಅಂತ ಮೊದಲ ಫೋನ್ ಮಾಡಿ ಕೇಳ್ರಿ. ಕೇಳಿ ಬಂದವರಿಗೆ ಬಿಸಿ ರೊಟ್ಟಿ. ಕೇಳದ ಬಂದವರಿಗೆ ಗಿರಣಿ ಚಂದ್ರಪ್ಪನ ಮನಿ ಖಾಲಿನ ಐತಿ!