ಕೊಟ್ಟಿಗೆಯಲ್ಲಿ ವಂದನಾರ್ಪಣೆ

ನಾನು ಬಾಯಿ ಮುಚ್ಚಿ ಕೂತರೂ ಸುದ್ದಿಯೇ ನಮ್ಮನೆ ಬೇಲಿ ಹತ್ತಿರ ಬಂದು ನಿಲ್ಲುತ್ತದೆ. ಕಮ್ಮರಡಿಯಲ್ಲಿ ಇಷ್ಟು ವರ್ಷ ಇದೇ ಆಗಿದೆ, ಹೋದ ವರ್ಷವೂ ಇದೇ ಆಯಿತು.

೧. ಬಾಯಿಲ್ಲದವಳು

ಬೇಲಿಯಾಚೆ ಮನೆಯವಳು ತೋಟದ ಕೆಲಸಕ್ಕೆ ಹೋಗುವವಳು. ವಯಸ್ಸು ನಲವತ್ತಾದರೂ ಬಾಯಿ ಬಂದಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ‘ನಿಲ್ಸಿ’ ಎನ್ನಲು ನಾಚಿಕೊಂಡು ಬಸ್ಸು ತಿರುಗುವ ಕಡೆವರೆಗೂ ಹೋಗಿದ್ದಳು. ವಾಪಸ್ ಬರುವಾಗಲೂ ಹೇಳಲಿಲ್ಲ. ಯಾರೋ ಇಳಿದರು, ಹಿಂದೆಯೇ ಇಳಿದಳು.

ಹೆಂಗಸರ ಸಂಘದ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ, ಸ್ವಾಗತ ಎಲ್ಲವನ್ನೂ ಜೋರಿನವರು ಹಿಡಿದುಕೊಂಡರು. ಉಳಿದ ವಂದನಾರ್ಪಣೆ ಇವಳ ತಲೆಗೆ ಬಿತ್ತು. “ಇದೊಂದು ಹೇಳಿಬಿಟ್ರೆ ಇನ್ನು ಯಾರ ಎದುರಾದ್ರೂ ಮಾತಾಡ್ತೀನಿ. ಆಗ್ಲಿಲ್ಲ ಅಂದ್ರೆ ಸಾಯೋವರೆಗೂ ಹೀಗೇ” ಎಂದು ಒಪ್ಪಿಕೊಂಡಳಂತೆ. ಹೀಗೆ ಕೆಲಸ ಹಂಚಿದ ದಿನ ಹೊಟ್ಟೆನೋವೆಂದು ನಾನು ಸಂಘಕ್ಕೆ ಹೋಗಿರಲಿಲ್ಲ. ಜೀವಮಾನದಲ್ಲಿ ನನ್ನ ಕೈ ತಪ್ಪಿದ ಸುದ್ದಿ ಅದೊಂದೇ.

೨. ಮೀಸೆ

ಎರಡು ದಿನ ಬಿಟ್ಟು, ಸಂಜೆ ಹಾಲು ಕರೆಯುವ ಹೊತ್ತಿಗೆ ಅವಳ ಕೊಟ್ಟಿಗೆಯಿಂದ ಮೆತ್ತಗಿನ ದನಿ: “ಎಷ್ಟೇ ಕೆಲಸವಿದ್ದರೂ ನನ್ನ ಕರೆಗೆ ಓಗೊಟ್ಟು ಬಂದಿದ್ದೀರಿ. ತಮಗೆ ನಾನು ಚಿರಋಣಿ.”

ಗಂಡನ ಹತ್ತಿರ ಯಾವ ಹೆಂಗಸು ಹೀಗೆ ಮಾತಾಡುತ್ತಾಳೆ? ಹದಿನೈದು ದಿನ ಕೊಟ್ಟಿಗೆ ಪಕ್ಕದ ಬಾಳೆ ಬುಡದಲ್ಲಿ ಕಿವಿಗೊಟ್ಟು ನಿಂತೆ. ಸೊಳ್ಳೆ ಕಚ್ಚಿ ಕಾಲು ಬಾತವು. ಊರಿನ ಮಾನ ಕಾಯುವವರು ಯಾರಾದರೂ ಬೇಕಲ್ಲ.

ಅವಳ ಕೊಟ್ಟಿಗೆಗೆ ಯಾರೋ ಗಂಡಸು ಬರುತ್ತಾನೆ ಎಂದು ಅಡಿಕೆ ಸುಲಿಯುವ ಚಪ್ಪರದಲ್ಲಿ ಒಬ್ಬಳ ಕಿವಿಗೆ ಮಾತ್ರ ಹಾಕಿದೆ, ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಸಂಜೆಯೊಳಗೆ ಮೂರು ಜನ ಬಂದು ಅದನ್ನು ನನಗೇ ಹೇಳಿದರು. ಅಷ್ಟರಲ್ಲಿ ಆ ಗಂಡಸಿಗೆ ಮೀಸೆಯೂ ಬಂದಿತ್ತು.

೩. ಅಧ್ಯಕ್ಷರು

ಸುದ್ದಿ ಅವಳ ಗಂಡನಿಗೂ ಮುಟ್ಟಿತು. ಮರುದಿನ ದೊಣ್ಣೆ ಹಿಡಿದು ಕೊಟ್ಟಿಗೆಗೆ ನುಗ್ಗಿದ. ನಾನು ಬಾಳೆ ಎಲೆ ಸರಿಸಿ ಇಣುಕಿದೆ.

“ಬಂದ್ರಾ? ಒಳ್ಳೇದಾಯ್ತು. ಆ ಹುಲ್ಲಿನ ಹೊರೆ ಮೇಲೆ ಕೂತ್ಕಳ್ಳಿ, ನೀವು ಅಧ್ಯಕ್ಷರು” ಎಂದಳು. ಮುಖ್ಯ ಅತಿಥಿ ಅವಳ ಕೆಂಬಣ್ಣದ ದನ. ಅಧ್ಯಕ್ಷರು ದೊಣ್ಣೆಯನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಗಂಭೀರವಾಗಿ ಕೂತರು.

ಮರುದಿನ ಚಪ್ಪರಕ್ಕೆ ಹೋಗಿ, ಅದು ಭಾಷಣದ ಅಭ್ಯಾಸ, ಎದುರಿಗಿದ್ದದ್ದು ದನ ಮಾರಾಯ್ತಿ ಎಂದೆ. ಯಾರೂ ನಂಬಲಿಲ್ಲ. ಮೀಸೆಯವನನ್ನು ಕಣ್ಣಾರೆ ಕಂಡವರೇ ಅಲ್ಲಿ ಇಬ್ಬರಿದ್ದರು.

೪. ಊಟಕ್ಕೆ ಏಳುವುದು

ವಾರ್ಷಿಕೋತ್ಸವಕ್ಕೆ ಶೃಂಗೇರಿ ಕಡೆಯಿಂದ ವ್ಯಕ್ತಿತ್ವ ವಿಕಸನದವರೊಬ್ಬರು ಬಂದಿದ್ದರು. ಯಶಸ್ಸಿಗೆ ಏಳು ಮೆಟ್ಟಿಲು ಎಂದರು. ಮೂರನೆಯದಕ್ಕೇ ಅರ್ಧ ಸಭೆ ನಿದ್ದೆಗೆ ಇಳಿಯಿತು.

ವಂದನಾರ್ಪಣೆ ಎಂದರೆ ನಮ್ಮ ಕಡೆ ಊಟಕ್ಕೆ ಏಳುವ ಗಂಟೆ. ಆವತ್ತು ಒಬ್ಬರೂ ಏಳಲಿಲ್ಲ. ಮೀಸೆಯವನ ಹೆಂಗಸು ಏನು ಹೇಳುತ್ತಾಳೋ ಎಂದು ಕಾದು ಕೂತರು. ಅವಳು ಮೈಕ್ ಹಿಡಿದು ಇಳಿಯುವ ದಾರಿಯನ್ನೇ ನೋಡಿದಳು. ಮುಗಿಯಿತು ಇವಳ ಕಥೆ ಎಂದುಕೊಂಡೆ. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಮಾತು ಹೊರಟಿತು. ಒಂದು ಕಡೆಯೂ ತಡವರಿಸದೆ ಅತಿಥಿಗೆ, ಅಧ್ಯಕ್ಷರಿಗೆ, ಅಡುಗೆಯವರಿಗೆ ವಂದಿಸಿದಳು.

“ಕೊನೆಯದಾಗಿ, ಹದಿನೈದು ದಿನ ಸೊಳ್ಳೆ ಕಚ್ಚಿಸಿಕೊಂಡು ಬಾಳೆ ಬುಡದಲ್ಲಿ ನಿಂತು ನನ್ನ ಮಾತು ಕೇಳಿದ ದೊಡ್ಡಮ್ಮನಿಗೆ ವಂದನೆ. ಅವರು ಅಲ್ಲಿದ್ದದ್ದು ನನಗೆ ಮೊದಲ ದಿನವೇ ಗೊತ್ತಿತ್ತು. ಅಂಥ ಬಾಯಿಗೇ ಹೆದರದೆ ಮಾತಾಡಿದವಳಿಗೆ ನೀವೆಲ್ಲ ಯಾವ ಲೆಕ್ಕ?”

ಚಪ್ಪಾಳೆ ನಿಲ್ಲಲಿಲ್ಲ. ನಾನೂ ತಟ್ಟಿದೆ, ಬೇರೆ ದಾರಿ ಇರಲಿಲ್ಲ. ಅವಳು ಇಳಿದು ಬಂದು ಮೈಕನ್ನು ನನ್ನ ಕೈಗೇ ಕೊಟ್ಟಳು: “ಎರಡು ಮಾತು ಹೇಳಿ ದೊಡ್ಡಮ್ಮ.” ಅರವತ್ತು ವರ್ಷ ರಜೆ ಕಾಣದ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಕೊನೆಗೂ ಹೊರಬಂದದ್ದು, “ಊಟಕ್ಕೆ ಏಳಿ.”

ಈ ಸಲ ಸ್ವಾಗತ ಭಾಷಣ ನನ್ನದಂತೆ. ದಿನಾ ಸಂಜೆ ಅದೇ ಕೊಟ್ಟಿಗೆಯಲ್ಲಿ ಅಭ್ಯಾಸ. ಬಾಳೆ ಬುಡದಲ್ಲಿ ಅವಳು ನಿಂತು ಧೈರ್ಯ ಹೇಳುತ್ತಾಳೆ. ದನ ಮಾತ್ರ ನಾನು ಬಾಯಿ ತೆರೆದ ಕೂಡಲೇ ಊಟಕ್ಕೆ ಏಳುತ್ತದೆ.