ಮುದೀರ್ ಸಾಹೇಬರಿಗೆ ತೋರಿಸಿದ ಫ್ರೆಂಚ್ ಸಿನಿಮಾ

ಆ ಫ್ರೆಂಚ್ ಸಿನಿಮಾವನ್ನು ಕಾಲೇಜಿನ ದಿನಗಳಲ್ಲಿ ಪೂರ್ತಿ ನೋಡಿದ್ದೆನೋ, ಅರ್ಧಕ್ಕೇ ಎದ್ದು ಕ್ಯಾಂಟೀನಿಗೆ ಹೋಗಿದ್ದೆನೋ, ಪ್ರಮಾಣ ಮಾಡಿ ಹೇಳಲಾರೆ. ಕಪ್ಪು-ಬಿಳುಪು ಕಾಲದ್ದು. ಕಂಪೆನಿಯೊಂದರ ತಿಕ್ಕಲು ಮಾಲೀಕನ ಕಥೆ. ಕೊನೆಯಲ್ಲಿ ಅವನಿಗೆ ಬುದ್ಧಿ ಬರುತ್ತದೆ ಎಂಬುದು ಮಾತ್ರ ಖಚಿತವಾಗಿ ನೆನಪಿತ್ತು. ಖಚಿತವಾಗಿ!

ಬುದ್ಧಿ ಬರಬೇಕಾದವರು ನಮ್ಮಲ್ಲೂ ಒಬ್ಬರಿದ್ದರು. ಮುಹರ್ರಕ್‌ನ ನಮ್ಮ ಏಸಿ ರಿಪೇರಿ ಕಂಪೆನಿಯ ಮುದೀರ್, ಅಂದರೆ ಯಜಮಾನರು, ಉಳ್ಳಾಲದ ಹಮೀದ್ ಸಾಹೇಬರು. ಬಹರೈನಿನ ಆಗಸ್ಟ್ ತಿಂಗಳಲ್ಲಿ, ಮಧ್ಯಾಹ್ನ ಎರಡಾಯಿತೆಂದರೆ ಆಫೀಸಿನ ಏಸಿ ಆರಿಸುತ್ತಿದ್ದರು.

"ಏಸಿ ಇರುವುದು ಗಿರಾಕಿಗೆ ಮಾರ್ರೆ, ನಮಗಲ್ಲ!"

ವಿಡಂಬನೆಯಿಂದ ಮನುಷ್ಯ ಸುಧಾರಿಸುತ್ತಾನೆ ಎಂದು ಎಂ.ಎ.ಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು ನಾನು. ಶುಕ್ರವಾರ ಸಾಹೇಬರನ್ನು ಅರಾದ್‌ನ ನಮ್ಮ ಮನೆಗೆ ಊಟಕ್ಕೂ ಸಿನಿಮಾಕ್ಕೂ ಕರೆದೆ.

"ರೀ, ಏಸಿ ಹಾಕಿ ಸಾರ್ ಅಂತ ಬಾಯ್ಬಿಟ್ಟು ಕೇಳೋಕೇನು ನಿಮ್ಗೆ?" ಎಂದಳು ಹೆಂಡತಿ ಸುಮಾ.

"ಕಲೆಯ ದಾರಿಯೇ ಬೇರೆ ಕಣೇ."

"ಬೇರೆ ದಾರಿ ಹಿಡಿದೇ ಅಲ್ವಾ ನೀವು ಪ್ರತೀ ಸಲ ಹಳ್ಳಕ್ಕೆ ಬೀಳೋದು!"

ಬಿಸಿಬೇಳೆಬಾತ್ ಮುಗಿಸಿ ಸಿನಿಮಾ ಹಾಕಿದೆ. ಮಾತು ಫ್ರೆಂಚಿನಲ್ಲಿ, ಕೆಳಗೆ ಇಂಗ್ಲಿಷ್ ಸಾಲುಗಳು. ಕೂತರೆ ತೂಕಡಿಸುತ್ತಾರೆಂದು ತೆರೆಯ ಮೇಲಿನ ಮಾಲೀಕ ಆಫೀಸಿನ ಕುರ್ಚಿಗಳನ್ನೆಲ್ಲ ಉಗ್ರಾಣಕ್ಕೆ ತುಂಬಿ ಬೀಗ ಹಾಕಿದ. ನಾನು ಬಿದ್ದು ಬಿದ್ದು ನಕ್ಕೆ. ಸಾಹೇಬರು ನಗಲಿಲ್ಲ. ಬಾಣ ನಾಟಿತು ಎಂದುಕೊಂಡೆ.

"ಸ್ವಲ್ಪ ಹಿಂದೆ ಹಾಕಿ, ನೋಡುವ."

ಹಾಕಿದೆ. ಮತ್ತೆ ನೋಡಿದರು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರು!

"ಭಾರೀ ಬುದ್ಧಿವಂತ ಜನ ಮಾರ್ರೆ ಇವ!" ಎನ್ನುತ್ತ ಎದ್ದೇಬಿಟ್ಟರು.

"ಸಾಹೇಬ್ರೇ, ಕೂತ್ಕೊಳ್ಳಿ! ನಿಜವಾದ ವಿಷಯ ಇರೋದೇ ಕೊನೇಲಿ!"

"ಖಲಾಸ್. ನನಗೆ ಬೇಕಾದ್ದು ಸಿಕ್ಕಿತು."

ಭಾನುವಾರ ಹೋದರೆ ಆಫೀಸಿನಲ್ಲಿ ಒಂದು ಕುರ್ಚಿಯೂ ಇಲ್ಲ. ಎರಡಕ್ಕೆ ಏಸಿಯೂ ಆರಿತು. ಬೆವರು ಸುರಿಸುತ್ತ ನಿಂತವರ ಎದುರು ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಸಾರಿದರು: "ಐಡಿಯಾ ನನ್ನದಲ್ಲ, ಇವರದ್ದು!"

ಲೆಕ್ಕ ಬರೆಯುವ ಪೂಜಾರಿ ನನ್ನನ್ನು ನುಂಗುವಂತೆ ನೋಡಿದರು. "ನಿಮ್ಮ ಎಂ.ಎ.ಯಲ್ಲಿ ನನ್ನ ಸೊಂಟ ಹೋಯ್ತಲ್ಲ ಮಾರಾಯ್ರೆ!"

"ಗಾಬರಿ ಬೇಡಿ. ಸಿನಿಮಾದ ಕೊನೇಲಿ ಆ ಮಾಲೀಕ ಪಶ್ಚಾತ್ತಾಪಪಟ್ಟು ಕುರ್ಚಿ ವಾಪಸ್ ಕೊಡ್ತಾನೆ. ಉಳಿದದ್ದನ್ನೂ ತೋರಿಸಿಬಿಡೋಣ."

"ಗ್ಯಾರಂಟಿಯಾ? ನೀವು ನೋಡಿದ್ದು ಹೌದಾ?"

ಮನೆಗೆ ಬಂದವನೇ ಉಳಿದ ಭಾಗ ಹಾಕಿದೆ. ಒಂದೇ ದಿನಕ್ಕೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಿಂತುಕೊಂಡೇ ನೋಡಿದೆ. ಈ ಇಡೀ ಪ್ರಕರಣದಲ್ಲಿ ನಾನು ಕಣ್ಣಾರೆ ಪರಿಶೀಲಿಸಿ ದೃಢಪಡಿಸಿಕೊಂಡ ಸಂಗತಿ ಒಂದೇ ಒಂದು: ಕೊನೆಯಲ್ಲಿ ಅವನು ಆ ಕುರ್ಚಿಗಳನ್ನು ಮಾರಿಬಿಡುತ್ತಾನೆ.